ಕೂಸು ಹುಟ್ಟುವ ಮುನ್ನವೇ ಕುಲಾವಿ: ದೇರಾದಿಂದ ಕಂಡ ‘ನಾಳೆಯ ಕ್ಲಾಸಿಕ್’ ಕಾರುಗಳು

ದುಬೈನ ದೇರಾದಲ್ಲಿ, ಖೋರ್ ಎಂದು ಕರೆಯುವ ಕಡಲ ಕಾಲುವೆಯ ದಂಡೆಗೆ ಇಂದಿಗೂ ಮರದ ಹಡಗುಗಳು ಬಂದು ನಿಲ್ಲುತ್ತವೆ. ಮಂಗಳೂರಿನ ಹಳೆ ಬಂದರನ್ನು ಕಂಡವರಿಗೆ ಅವು ತಮ್ಮೂರಿನ ಮಂಜಿಗಳ ದಾಯಾದಿಗಳಂತೆ ತೋರುತ್ತವೆ. ಇರಾನಿನ ಕಡೆಗೆ, ಸೊಮಾಲಿಯಾದ ಕಡೆಗೆ ಹೊರಡುವ ಈ ಹಡಗುಗಳಿಗೆ ಟಯರು, ಫ್ರಿಜ್ಜುಗಳ ಜೊತೆಗೆ ವಾಹನಗಳ ಬಿಡಿಭಾಗಗಳ ಪೆಟ್ಟಿಗೆಗಳೂ ಏರುತ್ತವೆ. ದಂಡೆಯಿಂದ ಒಳಕ್ಕೆ ನಡೆದರೆ, ನೈಫ್ ಸುತ್ತಲಿನ ಬೀದಿಗಳಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಸಿಗುತ್ತವೆ. ನೆಲದಿಂದ ಸೂರಿನವರೆಗೆ ಫಿಲ್ಟರು, ಬೇರಿಂಗು, ಬ್ರೇಕ್ ಪ್ಯಾಡು, ಗ್ಯಾಸ್ಕೆಟ್ಟು. ಗಿರಾಕಿ ಮುರಿದ ತುಂಡೊಂದನ್ನು ಗಲ್ಲಾದ ಮೇಲಿಟ್ಟರೆ ಸಾಕು, ಅದು ಯಾವ ವರ್ಷದ ಯಾವ ಬಂಡಿಯದು ಎಂದು ಹೇಳಬಲ್ಲ ಕಣ್ಣುಗಳು ಅಲ್ಲಿವೆ. ಭಟ್ಕಳ, ಮಂಗಳೂರು, ಕಾಸರಗೋಡುಗಳಿಂದ ಗಲ್ಫಿಗೆ ಬಂದವರು ಮೊದಲು ಕಾಲೂರಿದ ತಾಣಗಳಲ್ಲಿ ಈ ದೇರಾವೂ ಒಂದು.

ಇದೇ ಊರಿನ ಇನ್ನೊಂದು ತುದಿಯಲ್ಲಿ, ಶೇಖ್ ಝಾಯೆದ್ ರಸ್ತೆಯ ಗಾಜಿನ ಷೋರೂಮುಗಳ ಒಳಗಿನಿಂದ, ಬೇರೆಯದೇ ಮಾತೊಂದು ಹೊರಟು ಕನ್ನಡಿಗರ ಕೂಟಗಳನ್ನೂ ತಲುಪಿದೆ. ಸಂಘದ ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ, ವಾರಾಂತ್ಯದ ಊಟದ ಮೇಜಿನಲ್ಲಿ ಅದು ಕೇಳಿಬರುತ್ತದೆ: “ಇದು ಖರ್ಚಲ್ಲ, ಹೂಡಿಕೆ. ಪೆಟ್ರೋಲ್ ಎಂಜಿನ್ನುಗಳ ಕಾಲ ಮುಗಿಯುತ್ತಿದೆ. ಇವತ್ತಿನ ವಿ8, ವಿ10, ವಿ12 ಕಾರುಗಳು ಇನ್ನು ಇಪ್ಪತ್ತು ವರ್ಷಕ್ಕೆ ಚಿನ್ನವಾಗುತ್ತವೆ.” ಇಂದಿನ ವೇಗದ ಕಾರು ನಾಳೆಯ ಅಮೂಲ್ಯ ಸಂಗ್ರಹವಾಗಲಿದೆ ಎಂಬ ಈ ವಾದವನ್ನು ಕೋಟ್ಯಧಿಪತಿಗಳು ತಮ್ಮೊಳಗೆ ಆಡಿಕೊಂಡಿದ್ದರೆ ಅದಕ್ಕೆ ಉತ್ತರ ಕೊಡುವ ಅಗತ್ಯವಿರಲಿಲ್ಲ. ತಿಂಗಳ ಸಂಬಳದ ಎಂಜಿನಿಯರು, ಅಕೌಂಟೆಂಟು, ಸಣ್ಣ ವ್ಯಾಪಾರಿಗಳು ಇದನ್ನು ನಂಬಿ ಸಾಲದ ಕಾಗದಕ್ಕೆ ಸಹಿ ಹಾಕುತ್ತಿರುವುದರಿಂದ ಉತ್ತರ ಅಗತ್ಯವಾಗಿದೆ.

ಉತ್ತರ ಇಷ್ಟು: ಈ ಕಾರುಗಳಲ್ಲಿ ಬಹುಪಾಲು ಎಂದಿಗೂ ಬೆಲೆಬಾಳುವ ಸಂಗ್ರಹವಾಗಲಾರವು. ವಸ್ತುವೊಂದು ಕಾಲವನ್ನು ದಾಟಿ ಉಳಿಯುವುದು ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ಕೈಗಳಿಂದ. ಇಂದಿನ ವೇಗದ ಕಾರು ಆ ಕೈಗಳನ್ನು ಹೊರಗಿಡುವಂತೆಯೇ ರಚನೆಯಾಗಿದೆ. ಇದನ್ನು ‘ನಾಳೆಯ ಕ್ಲಾಸಿಕ್’ ಎಂದು ಮಾರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿ, ಅದಕ್ಕೆ ಐದು ವರ್ಷದ ಕಂತು ಕಟ್ಟಿಸಿದಂತೆ.

ಮೊದಲು ಲೆಕ್ಕವನ್ನೇ ನೋಡಬೇಕು. ಈ ವಾದದವರು ಮಾತಿಗೆ ಮೊದಲು ಎತ್ತುವ ಹೆಸರು ಫೆರಾರಿ 250 ಜಿಟಿಒ. 1962ರಿಂದ 1964ರ ನಡುವೆ ತಯಾರಾದ ಆ ಕಾರುಗಳ ಸಂಖ್ಯೆ 36. ಅವುಗಳಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. 2022ರಲ್ಲಿ 13.5 ಕೋಟಿ ಯೂರೊಗೆ ಮಾರಾಟವಾಗಿ ದಾಖಲೆ ಬರೆದ 1955ರ ಮರ್ಸಿಡಿಸ್ 300 ಎಸ್ಎಲ್ಆರ್ ಕೂಪೆ ಇದ್ದದ್ದೇ ಎರಡು. ಲ್ಯಾಂಬೊರ್ಗಿನಿ ಮಿಯೂರಾ ಸುಮಾರು 760. ಈಗ ಷೋರೂಮಿನ ಕಡೆಗೆ ತಿರುಗಿದರೆ, ಅದೇ ಲ್ಯಾಂಬೊರ್ಗಿನಿಯ ಅವೆಂಟಡಾರ್ 2011ರಿಂದ 2022ರವರೆಗೆ 11,465 ತಯಾರಾದವು. 2024ರ ಒಂದೇ ವರ್ಷ ಆ ಕಂಪನಿ 10,687 ಕಾರುಗಳನ್ನೂ ಫೆರಾರಿ 13,752 ಕಾರುಗಳನ್ನೂ ಗಿರಾಕಿಗಳಿಗೆ ಒಪ್ಪಿಸಿದವು. ಗಲ್ಫಿನ ಯುವಕರ ಕನಸಿನ ಬಂಡಿಯಾದ ನಿಸ್ಸಾನ್ ಜಿಟಿ-ಆರ್‌ನ ಆರ್35 ಮಾದರಿ ಹದಿನೆಂಟು ವರ್ಷಗಳಲ್ಲಿ ಸುಮಾರು 48,000 ಹೊರಬಂದು 2025ರಲ್ಲಿ ನಿಂತಿತು. ಪೋರ್ಷೆ 911 ಮಾದರಿಯ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂದದ್ದು 2017ರಲ್ಲಿ.

ಅಪರೂಪ ಎಂಬುದು ತಯಾರಾದ ಸಂಖ್ಯೆಯಷ್ಟೇ ಅಲ್ಲ, ನಾಶವಾದ ಸಂಖ್ಯೆಯೂ ಹೌದು. ಅರವತ್ತರ ದಶಕದ ಪಂದ್ಯದ ಕಾರುಗಳನ್ನು ಯಾರೂ ಕಾಪಿಡಲಿಲ್ಲ. ಋತು ಮುಗಿದ ಮೇಲೆ ಜಿಟಿಒ ಕೂಡ ಹಳೆ ಪಂದ್ಯದ ಗಾಡಿಯಾಗಿ ಕೆಲವೇ ಸಾವಿರ ಡಾಲರಿಗೆ ಕೈ ಬದಲಾಯಿಸಿದ್ದುಂಟು. ಗುದ್ದಿಕೊಂಡು, ತುಕ್ಕು ಹಿಡಿದು, ಗುಜರಿ ಸೇರಿ ಉಳಿದವು ಉಳಿದವು. ಇಂದು ಪ್ರತಿ ಖರೀದಿದಾರನೂ ಭವಿಷ್ಯದ ಹರಾಜನ್ನು ಕಣ್ಣ ಮುಂದಿಟ್ಟುಕೊಂಡು ಬಣ್ಣಕ್ಕೆ ಪಾರದರ್ಶಕ ಹಾಳೆ ಅಂಟಿಸಿ, ಸೀಟಿನ ಪ್ಲಾಸ್ಟಿಕ್ ತೆಗೆಯದೆ, ತಂಪು ಗೋದಾಮಿನಲ್ಲಿ ನಿಲ್ಲಿಸುತ್ತಾನೆ. ಎಲ್ಲರೂ ಕಾಪಿಟ್ಟ ವಸ್ತು ಯಾರಿಗೂ ಅಪರೂಪವಾಗದು. ಇನ್ನು ಇಪ್ಪತ್ತು ವರ್ಷಗಳ ಮೇಲೆ ಮಾರುವವರು ಸಾವಿರಾರು ಮಂದಿ ಇರುತ್ತಾರೆ. ಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಷೋರೂಮಿನಲ್ಲಿ ಯಾರೂ ಕೇಳುವುದಿಲ್ಲ.

“ಆದರೆ ಇದು ಲಿಮಿಟೆಡ್ ಎಡಿಷನ್” ಎಂಬುದು ಮುಂದಿನ ವಾದ. ಅಭಾವದ ನಲ್ಲಿ ಕಂಪನಿಯ ಕೈಯಲ್ಲಿರುವಾಗ ಅದನ್ನು ಯಾವಾಗ ಎಷ್ಟು ತಿರುಗಿಸಬೇಕೆಂದು ಕಂಪನಿಯೇ ತೀರ್ಮಾನಿಸುತ್ತದೆ. 1987ರಲ್ಲಿ ಬಂದ ಫೆರಾರಿ ಎಫ್40 ಸುಮಾರು 400 ಮಾತ್ರ ಎಂದಿತ್ತು. ಬೇಡಿಕೆ ಕಂಡು 1,300ಕ್ಕೂ ಹೆಚ್ಚು ತಯಾರಾದವು. ಸಟ್ಟಾದ ಬಿಸಿಯಲ್ಲಿ ಮೂಲ ಬೆಲೆಯ ಹಲವು ಪಟ್ಟು ಕೊಟ್ಟು ಕೊಂಡವರು ತೊಂಬತ್ತರ ದಶಕದ ಕುಸಿತದಲ್ಲಿ ಕೈ ಸುಟ್ಟುಕೊಂಡರು. ಇಂದು ಆ ಕಾರು ಅಮೂಲ್ಯವೇ, ನಿಜ. ಆದರೆ ನಡುವಿನ ಎರಡು ದಶಕ ಕಾಯುವ ತಾಕತ್ತು ಇದ್ದದ್ದು ಸಾಲ ಮಾಡದವರಿಗೆ. ಜಾಗ್ವಾರ್ ಎಕ್ಸ್‌ಜೆ220ರ ಕಥೆ ಇನ್ನೂ ಕಹಿ. 1988ರಲ್ಲಿ ವಿ12 ಎಂಜಿನ್ ತೋರಿಸಿ 50,000 ಪೌಂಡ್ ಮುಂಗಡ ಪಡೆದರು. ತಯಾರಾಗಿ ಬಂದದ್ದು ವಿ6. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಆರ್ಥಿಕ ಹಿಂಜರಿತ ಬಂದು, ಕೊಳ್ಳಲು ಮುಗಿಬಿದ್ದಿದ್ದವರೇ ಒಪ್ಪಂದದಿಂದ ತಪ್ಪಿಸಿಕೊಳ್ಳಲು ಕೋರ್ಟು ಮೆಟ್ಟಿಲು ಹತ್ತಿದರು. 2016ರಲ್ಲಿ ಪೋರ್ಷೆ ಕೇವಲ 991 ಎಂದು ಹೊರತಂದ 911 ಆರ್ ಮೂಲ ಬೆಲೆಯ ಎರಡು ಪಟ್ಟನ್ನು ದಾಟಿತು. ಮರುವರ್ಷ ಅದೇ ಕಂಪನಿ ಜಿಟಿ3 ಮಾದರಿಗೂ ಮ್ಯಾನುಯಲ್ ಗೇರು ಕೊಟ್ಟ ಕೂಡಲೇ ಬೆಲೆ ಇಳಿಯಿತು. ಇತ್ತ ಫೋರ್ಡ್ ಕಂಪನಿಯಂತೂ ತನ್ನ ಜಿಟಿ ಕಾರನ್ನು ಎರಡು ವರ್ಷ ಮಾರಬಾರದೆಂಬ ಷರತ್ತು ಹಾಕಿ, ಅದನ್ನು ಮುರಿದ ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ದಾವೆ ಹೂಡಿತು. ಹಣ ಕೊಟ್ಟವನಿಗೆ ಮಾರುವ ಹಕ್ಕೂ ಪೂರ್ತಿಯಾಗಿ ದಕ್ಕದ ವಸ್ತುವನ್ನು ‘ಹೂಡಿಕೆ’ ಎಂದು ಕರೆಯುವುದು ಹೇಗೆ?

ಗಲ್ಫಿನಲ್ಲಿ ಇರುವವರಿಗೆ ಈ ಪಾಠಕ್ಕೆ ಯುರೋಪಿನ ಚರಿತ್ರೆ ಬೇಕಿಲ್ಲ. 2008-09ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡು, ಸಾಲ ತೀರಿಸಲಾಗದೆ, ಚೆಕ್ ಬೌನ್ಸ್ ಆದರೆ ಜೈಲು ಎಂಬ ಅಂದಿನ ಕಾನೂನಿಗೆ ಹೆದರಿ ಊರಿಗೆ ವಿಮಾನ ಹತ್ತಿದವರು ಬಿಟ್ಟುಹೋದ ಕಾರುಗಳು ದುಬೈ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಚೆಕ್ಕಿನ ಕಾನೂನು ಸಡಿಲವಾದದ್ದು 2022ರಲ್ಲಿ. ಆ ಧೂಳಿನಡಿಯ ಕಾರುಗಳೂ ಒಂದು ಕಾಲಕ್ಕೆ ‘ಆಸ್ತಿ’ ಎಂದೇ ಕರೆಸಿಕೊಂಡವು.

ಬೆಲೆಗೂ ವಸ್ತುವಿಗೂ ಸಂಬಂಧ ಕಡಿದುಹೋದಾಗ ಏನಾಗುತ್ತದೆ ಎಂಬುದಕ್ಕೂ ಇಲ್ಲಿಯದೇ ನಿದರ್ಶನವಿದೆ. 2008ರಲ್ಲಿ ಅಬುಧಾಬಿಯ ‘1’ ಎಂಬ ನಂಬರ್ ಪ್ಲೇಟು 5.22 ಕೋಟಿ ದಿರ್ಹಾಮಿಗೂ, 2023ರಲ್ಲಿ ದುಬೈನ ‘ಪಿ 7’ 5.5 ಕೋಟಿ ದಿರ್ಹಾಮಿಗೂ ಹರಾಜಾದವು. ಈ ತಗಡಿಗೆ ಎಂಜಿನ್ನಿಲ್ಲ, ಚಕ್ರವಿಲ್ಲ, ಅದನ್ನು ಕಟ್ಟಿದ ಕುಶಲಿಯೂ ಇಲ್ಲ. ಪ್ರಭುತ್ವ ಒಂದು ಅಂಕಿಯನ್ನು ಒಬ್ಬನಿಗೆ ಮಾತ್ರ ಕೊಟ್ಟಿದೆ ಎಂಬುದೇ ಅದರ ಮೌಲ್ಯದ ಸರ್ವಸ್ವ. ಗೋದಾಮಿನಲ್ಲಿ ಓಡದೆ ನಿಂತ ಕಾರು ಈ ತಗಡಿನ ಕಡೆಗೇ ಸಾಗುತ್ತಿದೆ. ಓಡಿಸಿದರೆ ಮೀಟರು ಏರುತ್ತದೆ, ಮೀಟರು ಏರಿದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಗಂಟೆಗೆ ಮುನ್ನೂರು ಕಿಲೋಮೀಟರು ಓಡಲೆಂದೇ ಮಾಡಿದ ಯಂತ್ರವನ್ನು ಓಡಿಸದಿರುವುದೇ ಜಾಣತನವಾಗುತ್ತದೆ.

ಇಷ್ಟಾದರೂ ಅಂಕಿಅಂಶದ ವಾದ ಅರ್ಧ ಮಾತ್ರ. ಇನ್ನರ್ಧ ಬಾನೆಟ್ಟಿನ ಕೆಳಗಿದೆ. ತೊಂಬತ್ತರ ದಶಕದ ಮೆಕ್‌ಲಾರೆನ್ ಎಫ್1 ಕಾರುಗಳು ಒಟ್ಟು 106. 2021ರಲ್ಲಿ ಒಂದು ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಇಂಥ ಕಾರಿನ ದೋಷ ಪತ್ತೆಗೆ ಕಂಪನಿಯ ತಂತ್ರಜ್ಞರು 2016ರ ಹೊತ್ತಿಗೂ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪನ್ನೇ ಜೋಪಾನವಾಗಿ ಬಳಸುತ್ತಿದ್ದರು. ಕಾರಿನೊಂದಿಗೆ ಮಾತಾಡಬಲ್ಲ ಕಾರ್ಡು ಬೇರೆ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಕೋಟಿಗಟ್ಟಲೆ ರೂಪಾಯಿಯ ಕಾರು ಗುಜರಿ ಬೆಲೆಯ ಕಂಪ್ಯೂಟರಿನ ಮೇಲೆ ನಿಂತಿತ್ತು. ಅದಾದರೂ ತೊಂಬತ್ತರ ದಶಕದ ಸರಳ ವಿದ್ಯುನ್ಮಾನ. ಇಂದಿನ ಕಾರಿನಲ್ಲಿ ಎಂಜಿನ್, ಗೇರು, ಬ್ರೇಕು, ಬಾಗಿಲು, ಪರದೆ ಎಲ್ಲಕ್ಕೂ ಬೇರೆ ಬೇರೆ ಗಣಕಘಟಕಗಳು. ಅವು ಒಂದನ್ನೊಂದು ಗುರುತಿಸದಿದ್ದರೆ ಬಂಡಿ ಮೇಲೇಳದು. ತಂತ್ರಾಂಶಕ್ಕೆ ಬೀಗ, ಬೀಗದ ಕೈ ಕಂಪನಿಯಲ್ಲಿ. ಹೈಬ್ರಿಡ್ ಆಗಿದ್ದರೆ ವಯಸ್ಸಾದಂತೆ ಸಾಯುವ ಬ್ಯಾಟರಿ ಬೇರೆ. ವರ್ಷದ ಹಲವು ತಿಂಗಳು ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ರಬ್ಬರು, ಅಂಟು, ಬ್ಯಾಟರಿಗಳ ಆಯುಸ್ಸು ಇನ್ನೂ ಮೊಟಕು.

“ಕ್ವಾರ್ಟ್ಜ್ ಬಂದ ಮೇಲೂ ಕೀಲಿ ಕೊಡುವ ಗಡಿಯಾರ ಉಳಿಯಲಿಲ್ಲವೇ?” ಎಂದು ಕೇಳುವವರಿದ್ದಾರೆ. ಉಳಿಯಿತು, ಏಕೆಂದರೆ ಸವೆದ ಹಲ್ಲಿನ ಚಕ್ರವನ್ನು ನುರಿತ ಗಡಿಯಾರ ರಿಪೇರಿಯವನು ಇವತ್ತಿಗೂ ಲೇತಿನಲ್ಲಿ ಕೆತ್ತಿ ಕೂರಿಸಬಲ್ಲ. ತಯಾರಿಕೆ ನಿಂತುಹೋದ ಚಿಪ್ಪನ್ನು ಯಾವ ಲೇತೂ ಕೆತ್ತಿಕೊಡದು.

ಕೆಲವು ಕಾರುಗಳು ಈಗಾಗಲೇ ಏರಿವೆ, ಇನ್ನೂ ಕೆಲವು ಏರಲಿವೆ ಎಂಬುದನ್ನು ಒಪ್ಪಬೇಕು. 2010ರಿಂದ 2012ರವರೆಗೆ 500 ಮಾತ್ರ ತಯಾರಾದ ಲೆಕ್ಸಸ್ ಎಲ್ಎಫ್ಎ ಆಗ 3.75 ಲಕ್ಷ ಡಾಲರಿನ ಕಾರು. ಕೊಳ್ಳುವವರಿಲ್ಲದೆ ಕೆಲವು ವರ್ಷಗಟ್ಟಲೆ ಅಮೆರಿಕದ ಡೀಲರುಗಳ ಬಳಿ ನಿಂತಿದ್ದವು. ಇಂದು ಸುಮಾರು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಲೆಗೆ ಹೋಗುತ್ತವೆ. ಆದರೆ ಈ ಉದಾಹರಣೆ ಹೂಡಿಕೆಯ ವಾದಕ್ಕೇ ತಿರುಗೇಟು. ಯಾವುದು ಏರುತ್ತದೆಂದು ಮಾರುಕಟ್ಟೆಗೆ ಮುಂಚಿತವಾಗಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕಾರುಗಳು ಡೀಲರುಗಳ ಬಳಿ ಉಳಿಯುತ್ತಲೇ ಇರಲಿಲ್ಲ. ಈಗ ಏರುವುದು ಖಚಿತವೆನಿಸುವ ಕಾರುಗಳನ್ನು ಕಂಪನಿಗಳು ತಮ್ಮ ಆಪ್ತ ಗಿರಾಕಿಗಳ ಪಟ್ಟಿಯಿಂದ ಆಯ್ದು ಕೊಡುತ್ತವೆ. ಸಂಬಳದವನ ಪಾಲಿಗೆ ಉಳಿಯುವುದು ಆ ಪಟ್ಟಿಯವರು ಕೈಬಿಟ್ಟದ್ದು.

ಹಾಗಾದರೆ ಜನಸಾಮಾನ್ಯರ ವೇಗದ ಬಂಡಿ ಎಂದಾದರೂ ಅಮೂಲ್ಯವಾದದ್ದುಂಟೇ? ಉಂಟು, ಕರ್ನಾಟಕದಲ್ಲೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ ಎಪ್ಪತ್ತರ ದಶಕದಿಂದ ಯೆಜ್ದಿ ಬೈಕುಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಯಮಾಹಾ ಆರ್‌ಎಕ್ಸ್ 100ರ ತಯಾರಿಕೆಯೂ ನಿಂತಿತು. ಇವುಗಳನ್ನು ಯಾರೂ ಹೂಡಿಕೆಯೆಂದು ಕೊಳ್ಳಲಿಲ್ಲ. ಹಾಲಿನ ಕ್ಯಾನು ಹೊತ್ತವು, ಮೂವರನ್ನು ಕೂರಿಸಿಕೊಂಡು ಜಾತ್ರೆಗೆ ಹೋದವು, ಕಾಲೇಜಿನ ಗೇಟಿನ ಮುಂದೆ ಗದ್ದಲ ಮಾಡಿದವು. ಇಂದು ಚೆನ್ನಾಗಿ ಉಳಿದ ಆರ್‌ಎಕ್ಸ್ 100 ಒಂದಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಯೆಜ್ದಿ ಎಂಬ ಹೆಸರಿನ ಒಡೆತನದ ವ್ಯಾಜ್ಯವೇ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು. ಕೊನೆಯ ತಲೆಮಾರಿನ ಎರಡು-ಸ್ಟ್ರೋಕ್ ಎಂಜಿನ್ ಎಂಬ ಕಾರಣ ಇಲ್ಲಿಯೂ ಇದೆ. ಆದರೆ ಅದೊಂದೇ ಸಾಲುತ್ತಿರಲಿಲ್ಲ. ಕಾರ್ಖಾನೆ ಸತ್ತ ಮೇಲೆ ಬಂಡಿ ಬದುಕಿದ್ದು ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಸಣ್ಣ ಗ್ಯಾರೇಜುಗಳಲ್ಲಿ. ಕಾರ್ಬೊರೇಟರನ್ನು ಕಿವಿಯಿಂದಲೇ ಹದಗೊಳಿಸುವ, ಸಿಗದ ಭಾಗವನ್ನು ತಾವೇ ತಿರುವಿ ಮಾಡಿಕೊಳ್ಳುವ ಮೇಸ್ತ್ರಿಗಳಿಂದ. ಆ ಬಂಡಿಗಳಿಗೆ ಬೀಗವಿರಲಿಲ್ಲ. ಬೆಲೆ ಕೊನೆಗೆ ಬಂತು; ಮೊದಲು ಬಂದದ್ದು ಬಳಕೆ, ಆಮೇಲೆ ರಿಪೇರಿ, ಆಮೇಲೆ ನೆನಪು.

ದೇರಾದ ಬೀದಿಗೆ ಮರಳಿದರೆ ಅದೇ ಸತ್ಯ ಅರಬ್ಬಿ ನೆಲದ ರೂಪದಲ್ಲಿ ಕಾಣುತ್ತದೆ. ಹಳೆ ಲ್ಯಾಂಡ್ ಕ್ರೂಸರು, ಹಳೆ ಪೆಟ್ರೋಲುಗಳು ಮರಳುಗಾಡಿನಲ್ಲೂ ಆಫ್ರಿಕಾದ ಕಚ್ಚಾ ರಸ್ತೆಗಳಲ್ಲೂ ಇನ್ನೂ ಓಡುತ್ತಿರುವುದು ಇಲ್ಲಿಂದ ಹಡಗೇರುವ ಪೆಟ್ಟಿಗೆಗಳಿಂದ. ಈ ಪೆಟ್ಟಿಗೆಗಳ ಹಿಂದೆ ಮಲಯಾಳಿ, ಪಠಾಣ, ಬಂಗಾಳಿ, ತುಳು, ಬ್ಯಾರಿ ಕೈಗಳಿವೆ. ಹರಾಜಿನ ಕ್ಯಾಟಲಾಗುಗಳಲ್ಲಿ ಕಾರಿನ ಒಡೆಯರ ವಂಶಾವಳಿ ಇರುತ್ತದೆ, ಹೆಸರುವಾಸಿ ಕಾರ್ಯಾಗಾರದ ಹೆಸರೂ ಇರುತ್ತದೆ. ಅದರೊಳಗೆ ಬೋಲ್ಟು ಬಿಗಿದವನ ಹೆಸರು ಅಪರೂಪ. ಇಪ್ಪತ್ತು ಲಕ್ಷ ದಿರ್ಹಾಮಿನ ಮನೆ ಕೊಂಡವನಿಗೆ ಗೋಲ್ಡನ್ ವೀಸಾ ಸಿಗುತ್ತದೆ. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಕಲಿತವನ ವೀಸಾ ಕೆಲಸಕ್ಕೆ ಕಟ್ಟಿಹಾಕಿದೆ. ಕೆಲಸ ಹೋದರೆ ಅವನ ತಿಳಿವಳಿಕೆಯೂ ಅವನೊಂದಿಗೆ ವಿಮಾನ ಹತ್ತುತ್ತದೆ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಮಾತ್ರ ಬಯಲು ಕೆಲಸಕ್ಕೆ ಕಾನೂನಿನ ತಡೆ. ಓಡದೆ ನಿಂತ ಕಾರಿಗೆ ಹಗಲು ರಾತ್ರಿಯೂ ಹವಾನಿಯಂತ್ರಣ. ಯಾವುದನ್ನು ಕಾಪಿಡಬೇಕು ಎಂಬ ಪ್ರಶ್ನೆಗೆ ಈ ಸಮಾಜ ಕೊಟ್ಟಿರುವ ಉತ್ತರ ಇದು.

ಈ ಉತ್ತರವನ್ನು ವಲಸಿಗನ ತಲೆಗೂ ತುಂಬುವ ಕೆಲಸವನ್ನು ‘ಹೂಡಿಕೆ’ ಎಂಬ ಪದ ಮಾಡುತ್ತದೆ. ಯುಎಇ ಕೇಂದ್ರ ಬ್ಯಾಂಕಿನ 2011ರ ನಿಯಮದಂತೆ ಕಾರಿನ ಸಾಲ ಬೆಲೆಯ ಶೇಕಡಾ 80ನ್ನು, ಅವಧಿ 60 ತಿಂಗಳನ್ನು ಮೀರುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಸಂಬಳದ ಅರ್ಧವನ್ನು ದಾಟುವಂತಿಲ್ಲ. ಆ ಅರ್ಧದ ಅಂಚಿನವರೆಗೂ ಹೋಗಿ ನಿಲ್ಲುವವರಿದ್ದಾರೆ. ಇದರ ಎದುರಿಗೆ ಸೇವಾಂತ್ಯದ ಗ್ರಾಚ್ಯುಟಿ ಎಂದರೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲವೇತನ. ಪಿಂಚಣಿಯಿಲ್ಲದ, ಪೌರತ್ವವಿಲ್ಲದ, ನಾಳೆಯ ವೀಸಾದ ಭರವಸೆಯೂ ಇಲ್ಲದ ದುಡಿಮೆಗಾರ ತನ್ನನ್ನು ಸಂಗ್ರಾಹಕನೆಂದು ಕಲ್ಪಿಸಿಕೊಂಡ ಕ್ಷಣವೇ ತನ್ನ ನಿಜವಾದ ಸ್ಥಿತಿಯ ಬಗ್ಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆ. ವೇಗದ ಕಾರನ್ನು ಆಸೆಪಟ್ಟು ಕೊಳ್ಳುವವನ ಮೇಲೆ ಯಾರ ತಕರಾರೂ ಇರಬೇಕಿಲ್ಲ. ಆಸೆಯನ್ನು ಆಸೆಯೆಂದೇ ಕರೆದು, ಅದರ ಖರ್ಚನ್ನು ಖರ್ಚೆಂದೇ ಬರೆದಿಟ್ಟರೆ ಮನೆಮಂದಿಯಾದರೂ ಲೆಕ್ಕ ನೋಡಬಲ್ಲರು.

ಪ್ರಗತಿಪರರೆನಿಸಿಕೊಂಡವರಿಗೂ ಇಲ್ಲೊಂದು ಮಾತು ಸಲ್ಲಬೇಕು. “ಇವೆಲ್ಲ ಸಿರಿವಂತರ ಆಟಿಕೆ, ಹಾಳಾಗಲಿ ಬಿಡಿ” ಎನ್ನುವುದು ಸುಲಭದ ನಿಲುವು, ಸರಿಯಾದ ನಿಲುವಲ್ಲ. ಎಂಜಿನ್ ಎಂಬುದು ಸಾವಿರಾರು ದುಡಿಮೆಗಾರರ ಬುದ್ಧಿ, ಬೆವರುಗಳ ಘನರೂಪ. ಅದು ಮುಂದಿನವರ ಕಣ್ಣಿಗೆ ಬೀಳಬೇಕು. ಶಾರ್ಜಾದ ಕ್ಲಾಸಿಕ್ ಕಾರು ಮ್ಯೂಸಿಯಂ, ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಇವುಗಳಲ್ಲಿ ಶಾಲೆಯ ಮಕ್ಕಳೂ ಹಳೆ ಕಾರಿನ ಮುಂದೆ ನಿಲ್ಲಬಲ್ಲರು. ಖಾಸಗಿ ಗೋದಾಮಿನ ಕತ್ತಲಲ್ಲಿ ಅದು ಸಾಧ್ಯವಿಲ್ಲ.

ಇಂದಿನ ಕಾರುಗಳು ಹಾಗೆ ಉಳಿಯಬೇಕಾದರೆ ಹೋರಾಟ ನಡೆಯಬೇಕಾದದ್ದು ರಿಪೇರಿಯ ಹಕ್ಕಿಗಾಗಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೂ 2020ರಲ್ಲೂ ವಾಹನದ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. ಭಾರತದ ಸ್ಪರ್ಧಾ ಆಯೋಗ 2014ರಲ್ಲಿ, ಬಿಡಿಭಾಗ ಮತ್ತು ದೋಷಪತ್ತೆಯ ಸಾಧನಗಳನ್ನು ಸ್ವತಂತ್ರ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳ ಮೇಲೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಆದೇಶ ಮೇಲ್ಮನವಿಗಳಲ್ಲಿ ಸಿಲುಕಿತು. ಆದರೆ ಅದು ಎತ್ತಿದ ಪ್ರಶ್ನೆ ಹಾಗೆಯೇ ನಿಂತಿದೆ. ಕಂಪನಿ ಒಂದು ಮಾದರಿಯ ಬೆಂಬಲ ನಿಲ್ಲಿಸಿದ ದಿನವೇ ಅದರ ತಂತ್ರಾಂಶ, ನಕ್ಷೆ, ಉಪಕರಣಗಳು ಸಾರ್ವಜನಿಕವಾಗಬೇಕು ಎಂಬ ಬೇಡಿಕೆ ಆ ಪ್ರಶ್ನೆಯ ಸಹಜ ಮುಂದುವರಿಕೆ. ಜೊತೆಗೆ ದೇರಾದ ಕೌಂಟರಿನಲ್ಲಿ ಕೂತವನ, ಶಾರ್ಜಾದ ಗ್ಯಾರೇಜಿನಲ್ಲಿ ಮಲಗಿ ಬೋಲ್ಟು ಬಿಚ್ಚುವವನ ತಿಳಿವಳಿಕೆಗೆ ನೆಲೆಯ ಭದ್ರತೆ ಬೇಕು.

ಅಲ್ಲಿಯವರೆಗೆ, ‘ನಾಳೆಯ ಕ್ಲಾಸಿಕ್’ ತೋರಿಸುವ ಮಾರಾಟಗಾರನನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಇಪ್ಪತ್ತೈದು ವರ್ಷಗಳ ಮೇಲೆ ಈ ಕಾರು ನಿಂತುಹೋದರೆ ಇದನ್ನು ಯಾರು, ಯಾವ ಉಪಕರಣದಿಂದ, ಯಾರ ಅಪ್ಪಣೆ ಪಡೆದು ತೆರೆಯುತ್ತಾರೆ? ಷೋರೂಮಿನಲ್ಲಿ ಇದಕ್ಕೆ ಉತ್ತರ ಸಿಗದಿದ್ದರೆ, ಒಂದು ದಿರ್ಹಾಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖೋರ್ ದಾಟಿ ದೇರಾಕ್ಕೆ ಬಂದು ಅದೇ ಪ್ರಶ್ನೆಯನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಬಹುದು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಅಷ್ಟು ದೂರ ಬರುವುದು ದುಬಾರಿಯೇನಲ್ಲ.